ಮುಟ್ಟದೆ ನಾಡಿ ಸಿಗೋದಿಲ್ಲ

ನಾನು ಸೂಜಿ ಚುಚ್ಚುವವನು. ಡಾಕ್ಟರಲ್ಲ. ಹೆಸರಿನ ಹಿಂದೆ ಮುಂದೆ ಏನೂ ಅಂಟಿಸಿಕೊಂಡಿಲ್ಲ. ವಾರದಲ್ಲಿ ನಾಲ್ಕು ದಿನ ಚಳ್ಳಕೆರೆಯಲ್ಲಿ, ಎರಡು ದಿನ ಮೊಳಕಾಲ್ಮೂರಿನಲ್ಲಿ ಬಾಡಿಗೆ ಕೋಣೆಯಲ್ಲಿ ಕೂರುತ್ತೇನೆ. ಎರಡು ಮಂಚ, ಒಂದು ಬೆಂಚು, ಒಂದು ಕೊಡ ನೀರು, ಒಂದು ಲೋಟ. ಆ ಲೋಟದ ವಿಚಾರ ಮುಂದೆ ಹೇಳುತ್ತೇನೆ.

ಸಂಘಟನೆಯ ಹುಡುಗರು ಸಿಕ್ಕಾಗೆಲ್ಲ ಕೇಳುತ್ತಾರೆ: ‘ಏನಣ್ಣಾ, ತಮಟೆ ಬಿಟ್ಟು ಚೀನಾದ ಸೂಜಿ ಹಿಡಕಂಡೆಯಲ್ಲ! ನಮ್ಮ ಹೋರಾಟಕ್ಕೂ ಈ ಅಕ್ಯುಪಂಕ್ಚರಿಗೂ ಏನು ಸಂಬಂಧ?’ ಟೀ ಅಂಗಡಿಯ ಮುಂದೆ ನಿಂತು ಕೊಡುವಷ್ಟು ಚಿಕ್ಕ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ರೋಗಿಯನ್ನು ಮುಟ್ಟದೆ ಈ ವಿದ್ಯೆ ನಡೆಯೋದಿಲ್ಲ. ನಾನು ಮಾದಿಗ. ಇಷ್ಟು ಹೇಳಿದರೆ ಈ ಪತ್ರಿಕೆಯ ಓದುಗರಿಗೆ ಉಳಿದದ್ದರಲ್ಲಿ ಅರ್ಧ ತಿಳಿದ ಹಾಗೇ.

*

ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ ಕೈಯಲ್ಲಿ ರಂಪಿಗೆ ಇತ್ತು, ಉಳಿ ಇತ್ತು. ಊರಿನವರ ಮೆಟ್ಟು ಹೊಲೆಯುತ್ತಿದ್ದ. ಅವನು ಹೊಲಿದ ಮೆಟ್ಟು ಊರೊಳಗಿನ ಕಾಲನ್ನು ಮುಟ್ಟಬಹುದಿತ್ತು, ಅವನು ಮುಟ್ಟುವಂತಿರಲಿಲ್ಲ. ಅಳತೆಗೂ ಕಾಲು ಕೊಡುತ್ತಿರಲಿಲ್ಲ. ಹಳೇ ಮೆಟ್ಟು ಎಸೆದು ‘ಇದರ ಪ್ರಕಾರ ಮಾಡಲೇ’ ಅನ್ನೋರು. ಒಮ್ಮೆ ಅವನು ಜ್ವರ ಬಂದು ಏಳಲಾರದೆ ಬಿದ್ದಾಗ ಅಜ್ಜಿ ಪಕ್ಕದೂರಿನ ಪಂಡಿತರ ಮನೆಗೆ ಓಡಿದಳು. ಅವರು ಕೇರಿಗೆ ಬರಲಿಲ್ಲ. ಜಗಲಿಯ ಮೇಲೆ ಕೂತೇ ಏನಾಗೈತೆ ಅಂತ ಕೇಳಿ, ಪುಡಿಯ ಪೊಟ್ಟಣವನ್ನು ಅಂಗಳಕ್ಕೆ ಎಸೆದರು. ಅಜ್ಜಿ ಸೆರಗೊಡ್ಡಿ ಹಿಡಿದುಕೊಂಡು ಬಂದಳು. ಅಪ್ಪ ಬದುಕಿದ. ಆದರೆ ಅವನ ನಾಡಿಯನ್ನು ಯಾರೂ ಹಿಡಿದಿರಲಿಲ್ಲ. ಅವನು ಸಾಯುವವರೆಗೂ ಯಾವ ವೈದ್ಯನ ಕೈಯೂ ಅವನ ಮೈಮೇಲೆ ಬೀಳಲಿಲ್ಲ.

ಇದು ನಮ್ಮೊಬ್ಬರ ಮನೆಯ ಕತೆ ಅಲ್ಲ. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಸಂಕಟವನ್ನು ದಾಖಲಿಸಿದ್ದಾರೆ. 1929ರ ಡಿಸೆಂಬರಿನಲ್ಲಿ ಗಾಂಧೀಜಿಯವರ ‘ಯಂಗ್ ಇಂಡಿಯಾ’ದಲ್ಲಿ ಬಂದ ಪತ್ರ ಅದು. ಹೆರಿಗೆಯಾದ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರೋದಿಲ್ಲ, ಮುಟ್ಟಿ ನೋಡೋದೂ ಇಲ್ಲ ಅಂದ. ಊರಿನ ದೊಡ್ಡವರು ಹೇಳಿಸಿ, ಎರಡು ರೂಪಾಯಿ ಫೀಸಿಗೆ ಹೊಣೆ ನಿಂತ ಮೇಲೆ ಬಂದ. ಬಾಣಂತಿಯನ್ನು ಕೇರಿಯ ಹೊರಗೆ ತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ ಬಂದದ್ದೂ ಅದೇ ದಾರಿಯಲ್ಲಿ. ನ್ಯುಮೋನಿಯಾ ಅಂತ ಹೇಳಿ ಹೊರಟುಹೋದ. ಮತ್ತೆ ಬಂದು ನೋಡಲಿಲ್ಲ. ಆಕೆ ಸತ್ತಳು. ಓದು ಇತ್ತು, ಔಷಧಿ ಇತ್ತು, ಯಂತ್ರ ಇತ್ತು. ಇಲ್ಲದೇ ಹೋದದ್ದು ಕೈ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ನಮ್ಮೂರಿನಲ್ಲಿ ಹೆರಿಗೆ ಕಷ್ಟವಾದಾಗ ದೊಡ್ಡ ಮನೆಯವರು ನಡುರಾತ್ರಿ ಕೇರಿಯ ಮುದುಕಿಯನ್ನೇ ಕರೆಸುತ್ತಿದ್ದರು. ಆಗ ಅವಳ ಕೈ ಒಳಕೋಣೆಯವರೆಗೂ ಹೋಗುತ್ತಿತ್ತು. ಮಗು ಅತ್ತ ಮೇಲೆ ಹಿತ್ತಲ ಬಾಗಿಲಲ್ಲಿ ಮೊರದ ತುಂಬ ಜೋಳ ಸುರಿದು ಕಳಿಸುತ್ತಿದ್ದರು. ಮಾರನೇ ದಿನ ಅವಳು ಮತ್ತೆ ಬೀದಿಯ ಅಂಚಿಗೆ. ಪಕ್ಕದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಆ ಗೌರವದ ಮುಖ ಕಾಣದ ಸೂಲಗಿತ್ತಿಯರು ಊರೂರಿಗೂ ಇದ್ದರು. ಬೇಕಾದಾಗ ಕೈ, ಬೇಡವಾದಾಗ ಮೈಲಿಗೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

*

ಇನ್ನು ನನ್ನ ಕೆಲಸ. ರೋಗಿ ಬಂದ ಕೂಡಲೇ ಸೂಜಿ ತೆಗೆಯೋದಿಲ್ಲ. ಚೀನೀಯರ ಹಳೇ ಕ್ರಮದಲ್ಲಿ ನಾಲ್ಕು ಮೆಟ್ಟಿಲು: ನೋಡು, ಕೇಳಿಸಿಕೋ, ವಿಚಾರಿಸು, ಮುಟ್ಟು. ಬಾಗಿಲಿಂದ ಬೆಂಚಿನವರೆಗೆ ನಡೆದು ಬರುವಾಗಲೇ ಯಾವ ಕಾಲು ಎಳೀತದೆ ಅಂತ ನೋಡುತ್ತೇನೆ. ನಾಲಿಗೆ ಚಾಚಿಸುತ್ತೇನೆ. ದನಿ ಹೇಗಿದೆ, ಉಸಿರು ಹೇಗಿದೆ ಅಂತ ಕಿವಿಗೊಡುತ್ತೇನೆ. ಆಮೇಲೆ ವಿಚಾರಣೆ. ನೋವು ಎಲ್ಲಿ ಅನ್ನೋದು ಅದರಲ್ಲಿ ಒಂದು ಪ್ರಶ್ನೆ ಅಷ್ಟೆ. ನಿದ್ದೆ ಬರ್ತದಾ? ರಾತ್ರಿ ಏನುಂಡ್ರಿ? ಏನು ಕೆಲಸ? ಯಾವ ಕೈಲಿ ಎತ್ತುತೀರಿ? ಕುಡಿಯೋ ನೀರು ಎಲ್ಲಿಂದ ತರ್ತೀರಿ? ಸಾಲ ಎಷ್ಟೈತೆ? ಕೊನೆಯ ಎರಡು ಪ್ರಶ್ನೆ ಚೀನಾದ ಪುಸ್ತಕದ್ದಲ್ಲ, ನಾನು ಸೇರಿಸಿಕೊಂಡದ್ದು.

ಯಾಕೆ ಅಂದರೆ ನನ್ನ ಮಂಚದ ಮೇಲೆ ಮಲಗುವ ನೋವೆಲ್ಲ ದುಡಿಮೆಯಿಂದ ಬಂದದ್ದು. ಮೊಳಕಾಲ್ಮೂರಿನಲ್ಲಿ ಬರೋರು ಹೆಚ್ಚಾಗಿ ರೇಷ್ಮೆ ಸೀರೆ ನೇಯೋರು. ಗುಂಡಿ ಮಗ್ಗದೊಳಗೆ ಕಾಲು ಇಳಿಬಿಟ್ಟು ದಿನವಿಡೀ ಕೂತು, ಒಂದು ಕೈಲಿ ಲಾಳಿಯ ಹಗ್ಗ ಜಗ್ಗಿ, ಇನ್ನೊಂದು ಕೈಲಿ ಹಣಿಗೆ ಬಡಿದು, ಸೊಂಟ ಮತ್ತು ಭುಜ ಮೊದಲು ಕೈಕೊಡುತ್ತವೆ. ಆ ಸೀರೆ ಉಟ್ಟ ಮದುಮಗಳಿಗೆ ಈ ಭುಜದ ಗುರುತಿಲ್ಲ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಎಷ್ಟೋ ಎಣ್ಣೆ ಮಿಲ್ಲುಗಳು ಬಾಗಿಲು ಹಾಕಿದವು, ಅಲ್ಲಿ ಚೀಲ ಹೊತ್ತ ಹಮಾಲರ ಕುತ್ತಿಗೆ ಮಾತ್ರ ಆ ಭಾರವನ್ನು ಇಳಿಸಿಲ್ಲ. ಶೇಂಗಾ ಕೀಳುವ, ಕಾಯಿ ಬಿಡಿಸುವ ಹೆಣ್ಣಾಳುಗಳ ಸೊಂಟ, ಬೆರಳು. ಕಂಬಳಿ ನೇಯೋರ ಬೆನ್ನು. ಕುರಿ ಹಿಂದೆ ಅಲೆಯೋರ ಹಿಮ್ಮಡಿ. ‘ಊರ ಹೆಸರಿನಾಗೇ ಮೊಳಕಾಲು ಐತಲ್ಲಪ್ಪ, ನೋಯದೆ ಇರ್ತದಾ’ ಅಂತ ಒಬ್ಬ ಅಜ್ಜಿ ತನ್ನ ಮಂಡಿ ತೋರಿಸಿ ನಕ್ಕಿದ್ದಳು.

ವಿಚಾರಣೆ ಮುಗಿದ ಮೇಲೆ ನಾಡಿ. ಮೂರು ಬೆರಳು, ಎರಡೂ ಮಣಿಕಟ್ಟು. ಮೊದಲು ಹಗುರವಾಗಿ, ಆಮೇಲೆ ಒತ್ತಿ. ಅವಸರಕ್ಕೆ ಇದು ಸಿಗೋದಿಲ್ಲ. ಆಮೇಲೆ ಬಿಂದು ಹುಡುಕುವುದು. ಹಳೇ ಲೆಕ್ಕದಲ್ಲಿ ಮೈಮೇಲೆ 361 ಬಿಂದುಗಳು. ಅವನ್ನು ಅಳೆಯುವ ರೀತಿ ನನಗೆ ಬಹಳ ಹಿಡಿಸಿದ್ದು. ಪಟ್ಟಿ ಇಲ್ಲ, ಟೇಪಿಲ್ಲ. ರೋಗಿಯ ಹೆಬ್ಬೆರಳ ಗೆಣ್ಣಿನ ಅಗಲವೇ ಒಂದು ‘ತ್ಸುನ್’. ಅವರ ನಾಲ್ಕು ಬೆರಳು ಜೋಡಿಸಿದರೆ ಮೂರು ತ್ಸುನ್. ಮಂಡಿಚಿಪ್ಪಿನ ಕೆಳಗೆ ಅಷ್ಟು ದೂರ ಬಂದು, ಮುಂಗಾಲ ಮೂಳೆಯಿಂದ ಒಂದು ಬೆರಳು ಹೊರಕ್ಕೆ ಸರಿದರೆ ‘ಝುಸಾನ್‌ಲಿ’ ಸಿಗುತ್ತದೆ. ಕಾಲಿನ ಮೂರು ಲಿ ಅಂತ ಅರ್ಥ. ಒಂದು ಲಿ ಅಂದರೆ ಸುಮಾರು ಅರ್ಧ ಕಿಲೋಮೀಟರು. ಇಲ್ಲಿ ಒತ್ತಿದರೆ ದಣಿದವನು ಇನ್ನೂ ಮೂರು ಲಿ ನಡೆದಾನು ಅಂತ ಅವರ ಜನಪದರ ನಂಬಿಕೆ. ಎತ್ತರದ ಗೌಡನಿಗೆ ಗೌಡನ ಬೆರಳು, ಕುಳ್ಳ ಹಮಾಲನಿಗೆ ಹಮಾಲನ ಬೆರಳು. ಒಬ್ಬರ ಮೈಯನ್ನು ಇನ್ನೊಬ್ಬರ ಅಳತೆಗೋಲಿಂದ ಅಳೆಯಬಾರದು ಅನ್ನೋದು ಈ ವಿದ್ಯೆಯ ಮೊದಲ ಪಾಠ. ಅಪ್ಪನಿಗೆ ಅಳತೆಗೆ ಕಾಲು ಕೊಡದವರ ಮಕ್ಕಳು ಈಗ ನನ್ನ ಮುಂದೆ ಬೆರಳು ಜೋಡಿಸಿ ಕೂರುತ್ತಾರೆ.

ಸೂಜಿ ಕಾಲು ಮಿಲಿಮೀಟರಿನಷ್ಟು ಸಣ್ಣದು. ಒಳಗೆ ಟೊಳ್ಳಿಲ್ಲ, ಔಷಧಿ ಹೋಗೋದಿಲ್ಲ. ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕೋದಿಲ್ಲ. ಹೆಪಟೈಟಿಸ್ ಬಿ, ಎಚ್‌ಐವಿ ಸೂಜಿಯ ಮೂಲಕ ದಾಟುತ್ತವೆ. ನಾನು ಪಾಲಿಸುವ ಮಡಿ ಇದೊಂದೇ. ಹೆಣ್ಣುಮಕ್ಕಳನ್ನು ಕೇಳದೆ ಮುಟ್ಟೋದಿಲ್ಲ, ಜೊತೆಗೆ ಬಂದವರನ್ನು ಒಳಗೇ ಕೂರಿಸುತ್ತೇನೆ. ಸೂಜಿ ಹೋದ ಕಡೆ ಜುಮ್ಮನ್ನುತ್ತದೆ, ಇಲ್ಲ ಭಾರ ಅನ್ನಿಸುತ್ತದೆ. 20ರಿಂದ 30 ನಿಮಿಷ ಹಾಗೇ ಬಿಡಬೇಕು. ಅಷ್ಟು ಹೊತ್ತೂ ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಜನ ಮಾತಾಡೋದು ಆಗಲೇ. ಸತ್ತ ಮಗನ ವಿಚಾರ, ಒಣಗಿದ ಬೋರಿನ ವಿಚಾರ, ಕುಡುಕ ಅಳಿಯನ ವಿಚಾರ. ಶೇಂಗಾ ಕೀಳುವ ಒಬ್ಬ ತಾಯಿ ಸುಮ್ಮನೆ ಅಳೋದಕ್ಕೆ ಶುರು ಮಾಡಿದಳು. ನೋವಾಯ್ತೇನಮ್ಮಾ ಅಂದರೆ, ‘ಇಲ್ಲಪ್ಪ, ಇಷ್ಟೊತ್ತು ಯಾರೂ ನನ್ನ ಕೈ ಹಿಡಕಂಡು ಕೇಳಿರಲಿಲ್ಲ’ ಅಂದಳು.

*

ಈಗ ಲೋಟದ ವಿಚಾರ.

ಮೊದಲ ದಿನ ಯಾರೂ ಏನೂ ಕೇಳೋದಿಲ್ಲ. ನೋವು ಜೋರಾಗಿರುತ್ತದೆ. ಮೂರನೇ ಸಲ ಬಂದಾಗ, ನೋವು ಅರ್ಧ ಇಳಿದಾಗ, ಮೆಲ್ಲಗೆ ಬರುತ್ತದೆ: ‘ತಮ್ಮದು ಯಾವ ಪೈಕಿ?’ ನಾನು ‘ಮಾದಿಗರ ಪೈಕಿ’ ಅನ್ನುತ್ತೇನೆ. ಆಗ ನನ್ನ ಮೂರು ಬೆರಳು ಅವರ ಮಣಿಕಟ್ಟಿನ ಮೇಲೇ ಇರುತ್ತವೆ. ನಾಡಿ ಬದಲಾಗೋದು ಬೆರಳಿಗೆ ಗೊತ್ತಾಗುತ್ತದೆ. ಮುಖ ನಗಬಹುದು, ‘ಅಯ್ಯೋ ಅದರಾಗೇನೈತೆ ಬಿಡ್ರಿ’ ಅನ್ನಬಹುದು. ನಾಡಿ ಸುಳ್ಳು ಹೇಳೋದಿಲ್ಲ. ಚೀನಾದವರು ನಾಡಿಯಲ್ಲಿ ತೇಲುವುದು, ಮುಳುಗುವುದು, ಜಾರುವುದು ಅಂತ ಹಲವು ಬಗೆ ಹೆಸರಿಸಿದ್ದಾರೆ. ಈ ನಾಡಿಗೆ ಅವರಲ್ಲಿ ಹೆಸರಿಲ್ಲ.

ಕೆಲವರು ಅಂದೇ ಕೊನೆ, ಮತ್ತೆ ಬರೋದಿಲ್ಲ. ಹೆಚ್ಚಿನವರು ಬರುತ್ತಾರೆ. ಬರುತ್ತಾರೆ, ಆದರೆ ‘ನೀವು’ ಹೋಗಿ ‘ನೀನು’ ಬಂದಿರುತ್ತದೆ. ಸೂಜಿ ತೆಗೆದ ಮೇಲೆ ಬಾಯಾರಿಕೆ ಆಗುತ್ತದೆ ಅಂತ ನೀರು ಕೊಟ್ಟರೆ, ‘ಬ್ಯಾಡಪ್ಪ, ಈಗ ಕುಡಿದು ಬಂದೆ’. ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಬಾಟಲಿ ಕೊಳ್ಳುತ್ತಾರೆ. ಸೂಜಿ ಆಗುತ್ತದೆ, ನೀರಾಗೋದಿಲ್ಲ. ರಕ್ತದ ಹತ್ತಿರಕ್ಕೆ ನನ್ನ ಕೈ ಹೋಗಬಹುದು, ತುಟಿಯ ಹತ್ತಿರಕ್ಕೆ ನನ್ನ ಲೋಟ ಬರಬಾರದು. ಸೂಲಗಿತ್ತಿಯ ಲೆಕ್ಕವೇ ಇದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತು. ಲೋಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಾನು ಎರಡನೇ ಲೋಟ ತಂದಿಟ್ಟಿಲ್ಲ, ಕಾಗದದ ಲೋಟವನ್ನೂ ಇಟ್ಟಿಲ್ಲ. ಗೆಳೆಯರು ವ್ಯಾಪಾರಬುದ್ಧಿ ಹೇಳಿದರು. ಆಗೋದಿಲ್ಲ ಅಂದೆ. ನೋವಿನ ಬಲವಂತಕ್ಕೆ ಮೈ ಕೊಟ್ಟವರು ನನ್ನನ್ನು ಸಮಾನ ಅಂತ ಒಪ್ಪಿದ್ದಾರೆ ಅಂತ ನಾನು ಹಿಗ್ಗೋದಿಲ್ಲ. ಅವರ ಸೊಂಟ ನೆಟ್ಟಗಾಗಲಿ ಅಂತ ಮನಸಾರೆ ಕೆಲಸ ಮಾಡುತ್ತೇನೆ. ಅವರ ಮೈಲಿಗೆಗೆ ಅನುಕೂಲ ಮಾಡಿಕೊಡೋದಿಲ್ಲ. ಹಾಗಂತ ಎಲ್ಲರೂ ಒಂದೇ ಅಲ್ಲ. ಒಬ್ಬ ಮಗ್ಗದ ಯಜಮಾನರು ಜಾತಿ ಕೇಳಿ, ಉತ್ತರ ಕೇಳಿಸಿಕೊಂಡು, ತಾವೇ ಎದ್ದು ಕೊಡದಿಂದ ಬಗ್ಗಿಸಿಕೊಂಡು ಗಟಗಟ ಕುಡಿದರು. ಏನೂ ಭಾಷಣ ಮಾಡಲಿಲ್ಲ.

ನಮ್ಮವರ ಪಾಡು ಇನ್ನೊಂದು ಥರ. ಹಟ್ಟಿಯಿಂದ ಬಂದ ಮುದುಕಿ ಮೆಟ್ಟು ಹೊರಗೆ ಬಿಟ್ಟು, ಬೆಂಚು ಬಿಟ್ಟು ನೆಲಕ್ಕೆ ಕೂರುತ್ತಾಳೆ. ಕೈ ಕೊಡವ್ವ ಅಂದರೆ ಸೆರಗಿಗೆ ಒರೆಸಿಕೊಳ್ಳುತ್ತಾಳೆ. ‘ಮುಟ್ಟಬ್ಯಾಡ್ರಿ ಬುದ್ಧಿ, ನಾವು ಇಂಥೋರು.’ ನಾನೂ ಇಂಥೋನೇ ಅವ್ವ ಅಂದರೆ ನಂಬೋದಿಲ್ಲ. ಅವಳನ್ನು ನೆಲದಿಂದ ಬೆಂಚಿಗೆ ತರೋದೇ ಅವಳ ಚಿಕಿತ್ಸೆಯ ಮೊದಲ ಭಾಗ. ಸೂಜಿ ಅದಾದ ಮೇಲೆ.

*

ಚೀನಾದ ಸೂಜಿ ಅಂತ ಹುಡುಗರು ಹಂಗಿಸುತ್ತಾರಲ್ಲ, ಅದರ ಚರಿತ್ರೆ ಸ್ವಲ್ಪ ಹೇಳಬೇಕು. ಇದನ್ನು ಅರಮನೆಯ ವಿದ್ಯೆ ಅಂತ ತಿಳಿಯಬೇಡಿ. 1822ರಲ್ಲಿ ಚೀನಾದ ಚಕ್ರವರ್ತಿ ದಾವ್‌ಗುವಾಂಗ್, ಸೂಜಿ ಚುಚ್ಚುವುದು ಅರಸನ ಮೈಗೆ ಯೋಗ್ಯವಲ್ಲ ಅಂತ ರಾಜವೈದ್ಯ ಸಂಸ್ಥೆಯಿಂದ ಇದನ್ನು ಹೊರಗೆ ಹಾಕಿಸಿದ. ಉಳಿಸಿಕೊಂಡವರು ಹಳ್ಳಿಯವರು. 1960ರ ದಶಕದ ಕೊನೆಯಿಂದ ಅಲ್ಲಿ ರೈತರ ಮಕ್ಕಳಿಗೇ ಕೆಲವು ತಿಂಗಳ ತರಬೇತಿ ಕೊಟ್ಟು, ಲಸಿಕೆ, ಗಿಡಮೂಲಿಕೆ, ಸೂಜಿ ಕಲಿಸಿ ‘ಬರಿಗಾಲ ಡಾಕ್ಟರು’ ಅಂತ ಊರಿಗೆ ಕಳಿಸಿದರು. 1985ರಲ್ಲಿ ಆ ಹೆಸರನ್ನೇ ಕೈಬಿಟ್ಟರು. ಆ ಕಾಲದ ಸಾಂಸ್ಕೃತಿಕ ಕ್ರಾಂತಿಯ ಹಿಂಸೆ ನಮಗೆ ಗೊತ್ತಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಊರಿನ ಮೈಯನ್ನು ಊರಿನ ಕೈ ನೋಡಬಹುದು ಅನ್ನೋದು ಒಳ್ಳೆಯ ಪಾಠ.

1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದಿಂದ ಐದು ಜನ ಡಾಕ್ಟರು ಹೋದರು. ಅವರಲ್ಲಿ ದ್ವಾರಕಾನಾಥ ಕೋಟ್ನಿಸ್ ನಮ್ಮ ಗಡಿಯಾಚೆಯ ಸೊಲ್ಲಾಪುರದವರು, ಬೀದಿಯಲ್ಲಿ ಕನ್ನಡವೂ ಕೇಳುವ ಊರಿನವರು. 1942ರ ಡಿಸೆಂಬರಿನಲ್ಲಿ, 32ನೇ ವಯಸ್ಸಿಗೆ ಅಲ್ಲೇ ಸತ್ತರು. ಅವರ ಜೊತೆಗಿದ್ದ ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು. ಭಾರತದಲ್ಲಿ ಈ ಸೂಜಿಗೆ ದಾರಿ ಮಾಡಿದವರು ಅವರು.

ಇನ್ನೊಂದು ಸಂಗತಿ ನಮ್ಮ ಹುಡುಗರಿಗೆ ವಿಶೇಷವಾಗಿ ಗೊತ್ತಿರಬೇಕು. 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯಲ್ಲಿ ಯಂಗ್ ಲಾರ್ಡ್ಸ್, ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯವರು ಕೂತು ಹಿಡಿದು, ಹೆರಾಯಿನ್ನಿಗೆ ಬಲಿಯಾದ ಬಡ ಕರಿಯರಿಗೆ, ಪೋರ್ಟೊರಿಕನ್ನರಿಗೆ ಚಿಕಿತ್ಸೆ ಶುರು ಮಾಡಿದರು. ಕೆಲವು ವರ್ಷದಲ್ಲಿ ತಾವೇ ಕಿವಿಗೆ ಸೂಜಿ ಹಾಕೋದನ್ನು ಕಲಿತರು. 1978ರಲ್ಲಿ ಅವರನ್ನು ಪೊಲೀಸ್ ಬಲದಿಂದ ಹೊರಗೆ ಹಾಕಿದರು. ಅಲ್ಲಿ ರೂಪುಗೊಂಡ ಕಿವಿಯ ಐದು ಬಿಂದುಗಳ ಕ್ರಮ ಮಾತ್ರ ಎಷ್ಟೋ ದೇಶಗಳಿಗೆ ಹೋಯಿತು. ಅದೇ ಪ್ಯಾಂಥರರ ಹೆಸರನ್ನು 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತೆಗೆದುಕೊಂಡದ್ದು. ಅವರ ಕಪ್ಪು ಅಂಗಿ ನಮಗೆ ಗೊತ್ತಾಯಿತು, ಅವರ ಸೂಜಿ ಗೊತ್ತಾಗಲಿಲ್ಲ. ತಮಟೆ ಮತ್ತು ಸೂಜಿ ಒಂದೇ ಕೈಯಲ್ಲಿ ಇರಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

*

ವಿಚಾರವಾದಿ ಗೆಳೆಯರು ಕೇಳುವ ಪ್ರಶ್ನೆ ಬೇರೆ: ಇದು ನಿಜವಾಗಿ ಕೆಲಸ ಮಾಡುತ್ತದಾ? ಕೇಳಬೇಕಾದ್ದೇ. ‘ಚಿ’ ಅನ್ನೋ ಶಕ್ತಿ ಹರಿಯುವ ನಾಳಗಳನ್ನು ಇವತ್ತಿನವರೆಗೆ ಯಾರೂ ಮೈ ಬಗೆದು ತೋರಿಸಿಲ್ಲ. ನಾನೂ ರೋಗಿಗಳಿಗೆ ಆ ಕತೆ ಹೇಳೋದಿಲ್ಲ. 2007ರಲ್ಲಿ ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1,162 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರದ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಮೇಲೆಮೇಲೆ ಸೂಜಿ, ಮೂರನೆಯದಕ್ಕೆ ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆ. ಆರು ತಿಂಗಳ ಮೇಲೆ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4.

ಈ ಮೂರು ಅಂಕಿಗಳನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಸರಿಯಾದ ಬಿಂದುವಿಗೂ ತಪ್ಪು ಬಿಂದುವಿಗೂ ಹೆಚ್ಚು ಅಂತರವಿಲ್ಲ. ಸೂಜಿಗೂ ಮಾಮೂಲಿ ಚಿಕಿತ್ಸೆಗೂ ಬಹಳ ಅಂತರವಿದೆ. ಹಾಗಾದರೆ ವಾಸಿ ಮಾಡಿದ್ದು ಯಾವುದು? ಚುಚ್ಚಿದಾಗ ಮೈಯೇ ನೋವು ತಗ್ಗಿಸುವ ಎಂಡಾರ್ಫಿನ್ ಬಿಡುತ್ತದೆ ಅನ್ನೋದಕ್ಕೆ 1970ರ ದಶಕದಿಂದಲೂ ಪ್ರಯೋಗಗಳ ಆಧಾರವಿದೆ. ಅದರ ಜೊತೆಗೆ ಅರ್ಧ ಗಂಟೆಯ ವಿಶ್ರಾಂತಿ, ಕೇಳುವ ಕಿವಿ, ಮುಟ್ಟುವ ಕೈ, ಇನ್ನು ಕಡಿಮೆ ಆಗ್ತದೆ ಅನ್ನೋ ನಂಬಿಕೆ. ನನ್ನ ಕೋಣೆಯಲ್ಲಿ ದಿನವೂ ಕಾಣುವುದೂ ಇದೇ. ಹಾಗಿದ್ದರೆ ನಮ್ಮ ಜನಕ್ಕೆ ತಲೆಮಾರುಗಳಿಂದ ಸಿಗದೇ ಹೋದದ್ದು ಬರೀ ಮಾತ್ರೆ ಮಾತ್ರ ಅಲ್ಲ. ವಾಸಿಯಾಗುವ ಈ ಅರ್ಧ ಭಾಗವನ್ನೇ ಜಾತಿ ಕಿತ್ತುಕೊಂಡಿತ್ತು. ಅಂಗಳಕ್ಕೆ ಬಿದ್ದ ಪೊಟ್ಟಣದಲ್ಲಿ ಅದು ಇರಲು ಸಾಧ್ಯವಿರಲಿಲ್ಲ.

ನನ್ನ ಕೈಗೆ ಮಿತಿ ಇದೆ. ಎರಡು ವಾರ ದಾಟಿದ ಕೆಮ್ಮು ಬಂದರೆ ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇನೆ. ಎದೆನೋವು, ಹಾವು ಕಚ್ಚಿದ್ದು, ಬಿಡದ ಜ್ವರ ಬಂದರೆ ಆಟೋ ಹತ್ತಿಸುತ್ತೇನೆ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಬಿಡಿ ಅಂತ ಯಾರಿಗೂ ಹೇಳೋದಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿದ ಮೇಲೆ ಬೋರ್ಡು ಹಾಕಿಕೊಂಡು ಕ್ಯಾನ್ಸರ್ ವಾಸಿ ಮಾಡ್ತೀವಿ ಅನ್ನೋರಿಗೆ ಧೈರ್ಯ ಬಂದಿದೆ. ಬಡವರ ನಂಬಿಕೆಯನ್ನು ಹಣ ಮಾಡಿಕೊಳ್ಳೋದು ಪೊಟ್ಟಣ ಎಸೆಯೋದಕ್ಕಿಂತ ಮೇಲಾದ ಕೆಲಸವಲ್ಲ.

ನಮ್ಮ ಎರಡೂ ತಾಲ್ಲೂಕಿನ ದೊಡ್ಡ ನೋವಿನ ಮುಂದೆಯಂತೂ ಸೂಜಿ ಸೋಲುತ್ತದೆ. ಮಳೆ ಕಮ್ಮಿ, ಕೆರೆ ಖಾಲಿ, ಬೋರು ಆಳಕ್ಕಿಳಿದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬರುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲು ಬಿಗಿಯುತ್ತವೆ, ಬೆನ್ನು ಬಾಗಿದಲ್ಲೇ ನಿಲ್ಲುತ್ತದೆ. ಅಂಥ ಬೆನ್ನಿಗೆ ನಾನು ಸೂಜಿ ಹಾಕಿದರೆ ನಾಲ್ಕು ದಿನ ನಿದ್ದೆ ಬಂದೀತು. ಐದನೇ ದಿನ ಅದೇ ಕೊಡ, ಅದೇ ನೀರು. ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಬೇಕು, ಕೂಲಿ ಇಲ್ಲದ ದಿನ ಕಾಯಿನ್ನೂ ಇರೋದಿಲ್ಲ, ಘಟಕ ಕೆಟ್ಟರೆ ಹೊರುವ ದಾರಿ ಉದ್ದವಾಗುತ್ತದೆ. ಕುಡಿಯೋ ನೀರು ಎಲ್ಲಿಂದ ಅಂತ ನಾನು ಕೇಳೋದು ಇದಕ್ಕೇ. ಆ ಉತ್ತರಕ್ಕೆ ಔಷಧಿ ಪಂಚಾಯ್ತಿ ಕಚೇರಿಯಲ್ಲಿದೆ, ವಿಧಾನಸೌಧದಲ್ಲಿದೆ.

ಅದರಿಂದ ಓದುಗರಲ್ಲಿ ಎರಡು ಕೆಲಸ ಕೇಳುತ್ತೇನೆ. ಹಳ್ಳಿ ಮೇಷ್ಟ್ರುಗಳೇ, ನಿಮ್ಮ ತರಗತಿಯ ಮಕ್ಕಳ ಹಲ್ಲು ನೋಡಿ. ಕಂದು ಗೆರೆ ಕಂಡ ಮಕ್ಕಳ ಪಟ್ಟಿ ಮಾಡಿ, ಅವರ ಮನೆಯ ನೀರು ಯಾವ ಬೋರಿನದು ಅಂತ ಬರೆದುಕೊಳ್ಳಿ, ಆ ನೀರಿನ ಪರೀಕ್ಷೆ ಆಗಲೇಬೇಕು ಅಂತ ಅರ್ಜಿ ಕೊಡಿ. ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಒಂದು ಬೆಳಗ್ಗೆ ನಿಂತು ನೋಡಿ: ಒಬ್ಬೊಬ್ಬ ರೋಗಿಗೆ ಎಷ್ಟು ನಿಮಿಷ ಸಿಕ್ಕಿತು, ಯಾರನ್ನು ಕುರ್ಚಿಯ ಮೇಲೆ ಕೂರಿಸಿದರು, ಯಾರನ್ನು ನಿಲ್ಲಿಸಿ ಕಳಿಸಿದರು, ಯಾರ ಮೈಯನ್ನು ಮುಟ್ಟಿ ನೋಡಿದರು, ಯಾರಿಗೆ ಮುಟ್ಟದೆ ಚೀಟಿ ಬರೆದರು. ಬರೆದಿಟ್ಟುಕೊಂಡು ಸಂಘಟನೆಯ ಸಭೆಗೆ ತನ್ನಿ. ಮಾತ್ರೆ ಹೇಗೆ ಹಕ್ಕೋ ಹಾಗೇ ಡಾಕ್ಟರ ಕೈಯೂ ನಮ್ಮ ಹಕ್ಕು. ಭೂಮಿಗೆ, ಮೀಸಲಾತಿಗೆ ಧಿಕ್ಕಾರ ಕೂಗಿದ ಗಂಟಲಿನಲ್ಲೇ ಇದನ್ನೂ ಕೇಳಬೇಕು.